ಪ್ಲೇಟ್‌ಲೆಟ್ ಕುಸಿತಕ್ಕೆ ಸ್ಟೀರಾಯ್ಡ್: ಮಾತ್ರೆಯಷ್ಟೇ ಮುಖ್ಯ ಮರುತಪಾಸಣೆ

ಬಂಟ್ವಾಳ: ಮಳೆಗಾಲ ಕಾಲಿಟ್ಟಿತೆಂದರೆ ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆಯ ರಕ್ತ ಪರೀಕ್ಷಾ ಕೇಂದ್ರಗಳಲ್ಲಿ ವರದಿ ಕೈಗೆ ಬಂದೊಡನೆ ಎಲ್ಲರ ಕಣ್ಣು ಹೋಗುವುದು ಒಂದೇ ಸಾಲಿನತ್ತ. ಅದು ಪ್ಲೇಟ್‌ಲೆಟ್ ಸಂಖ್ಯೆ. ಡೆಂಗ್ಯೂ, ಇಲಿಜ್ವರ, ಮಲೇರಿಯಾಗಳನ್ನು ಕಂಡುಂಡ ದಕ್ಷಿಣ ಕನ್ನಡದ ಜನರಿಗೆ ಈ ಪದ ಹೊಸದಲ್ಲ. ಜ್ವರ ಇಳಿದ ಒಂದೆರಡು ವಾರಗಳಲ್ಲಿ ಬಹುತೇಕರ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ, ಮನೆಮಂದಿ ನಿಟ್ಟುಸಿರು ಬಿಡುತ್ತಾರೆ.

ಆದರೆ ಕೆಲವರಲ್ಲಿ ಹಾಗಾಗುವುದಿಲ್ಲ. ಜ್ವರವೇ ಇಲ್ಲದೆ ಸಂಖ್ಯೆ ಇಳಿದಿರುತ್ತದೆ, ಅಥವಾ ಜ್ವರ ವಾಸಿಯಾದ ಮೇಲೂ ಏರದೆ ಉಳಿದಿರುತ್ತದೆ. ಕಾಲಿನ ಮೇಲೆ ಕೆಂಪು ಚುಕ್ಕೆಗಳು, ಪೆಟ್ಟು ಬೀಳದೆಯೇ ಮೂಡುವ ನೀಲಿ ಕಲೆಗಳು, ಹಲ್ಲುಜ್ಜುವಾಗ ವಸಡಿನಿಂದ ಒಸರುವ ರಕ್ತ, ಮಹಿಳೆಯರಲ್ಲಿ ನಿಲ್ಲದ ಮುಟ್ಟಿನ ಸ್ರಾವ ಇದರ ಲಕ್ಷಣಗಳು. ಇಲ್ಲಿ ಪ್ಲೇಟ್‌ಲೆಟ್‌ಗಳನ್ನು ನಾಶಪಡಿಸುತ್ತಿರುವುದು ಹೊರಗಿನ ರೋಗಾಣುವಲ್ಲ, ರೋಗಿಯ ದೇಹದ ರಕ್ಷಣಾ ವ್ಯವಸ್ಥೆಯೇ. ಆದುದರಿಂದಲೇ ಚಿಕಿತ್ಸೆಯೂ ತಲೆಕೆಳಗು. ಬೇರೆ ಕಾಯಿಲೆಗಳಲ್ಲಿ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಿ ಎನ್ನುವ ವೈದ್ಯರು ಇಲ್ಲಿ ಅದನ್ನು ಉದ್ದೇಶಪೂರ್ವಕವಾಗಿ ತಗ್ಗಿಸುತ್ತಾರೆ.

ಈ ಚಿಕಿತ್ಸೆ ಜೀವ ಉಳಿಸಬಲ್ಲುದು. ಅದೇ ಚಿಕಿತ್ಸೆ ನಿಗಾ ಇಲ್ಲದೆ ಮುಂದುವರಿದರೆ ಅಥವಾ ಹಠಾತ್ತಾಗಿ ನಿಂತರೆ ಜೀವಕ್ಕೇ ಮುಳುವಾಗಬಲ್ಲುದು. ತಜ್ಞರು ಮಂಗಳೂರಿನಲ್ಲಿ, ರೋಗಿ ಘಟ್ಟದ ತಪ್ಪಲಿನಲ್ಲಿ ಎಂಬ ಸ್ಥಿತಿ ಇರುವ ತಾಲೂಕುಗಳಲ್ಲಿ ಈ ಅಪಾಯ ಇನ್ನಷ್ಟು ಹೆಚ್ಚು. ಕಾಯಿಲೆ ಯಾವುದು, ಔಷಧಿ ಹೇಗೆ ಕೆಲಸ ಮಾಡುತ್ತದೆ, ರೋಗಿ ಮತ್ತು ಮನೆಯವರು ಅರಿತಿರಬೇಕಾದುದೇನು ಎಂಬುದರ ವಿವರ ಇಲ್ಲಿದೆ.

ಏನಿದು ಐಟಿಪಿ?

ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಪ್ಲೇಟ್‌ಲೆಟ್‌ಗಳಿರುತ್ತವೆ. ಅಸ್ಥಿಮಜ್ಜೆಯಲ್ಲಿ ಹುಟ್ಟುವ ಈ ಕಣಗಳ ಆಯುಸ್ಸು 7ರಿಂದ 10 ದಿನ. ರಕ್ತನಾಳಕ್ಕೆ ಗಾಯವಾದಾಗ ಮೊದಲು ಧಾವಿಸಿ ಒಂದಕ್ಕೊಂದು ಅಂಟಿಕೊಂಡು ರಂಧ್ರ ಮುಚ್ಚುವುದು ಇವುಗಳ ಕೆಲಸ.

ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಪ್ಲೇಟ್‌ಲೆಟ್‌ಗಳನ್ನು ಪರಕೀಯವೆಂದು ಭ್ರಮಿಸಿ ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿದಾಗ ಉಂಟಾಗುವ ಸ್ಥಿತಿಯೇ ಇಮ್ಯೂನ್ ಥ್ರಾಂಬೋಸೈಟೋಪೀನಿಯಾ, ಸಂಕ್ಷೇಪದಲ್ಲಿ ಐಟಿಪಿ. ಪ್ರತಿಕಾಯ ಅಂಟಿದ ಪ್ಲೇಟ್‌ಲೆಟ್‌ಗಳನ್ನು ಗುಲ್ಮದಲ್ಲಿರುವ ಭಕ್ಷಕ ಕೋಶಗಳು ನುಂಗಿಹಾಕುತ್ತವೆ. ಮಜ್ಜೆಯಲ್ಲಿ ಹೊಸ ಪ್ಲೇಟ್‌ಲೆಟ್‌ಗಳ ಉತ್ಪಾದನೆಗೂ ಅಡ್ಡಿಯಾಗುತ್ತದೆ. ವಯಸ್ಕರಲ್ಲಿ ವರ್ಷಕ್ಕೆ ಲಕ್ಷಕ್ಕೆ 2ರಿಂದ 4 ಮಂದಿಗೆ ಇದು ಹೊಸದಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ವಿವಿಧ ದೇಶಗಳ ಅಧ್ಯಯನಗಳ ಅಂದಾಜು. ಯುವ ವಯಸ್ಸಿನಲ್ಲಿ ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು.

ಮಕ್ಕಳಲ್ಲಿ ಸಾಮಾನ್ಯವಾಗಿ ಶೀತ, ಜ್ವರದಂಥ ವೈರಸ್ ಸೋಂಕಿನ ಬೆನ್ನಿಗೇ ದಿಢೀರನೆ ಕಾಣಿಸಿಕೊಂಡು, ಹೆಚ್ಚಿನವರಲ್ಲಿ ಕೆಲವು ತಿಂಗಳುಗಳೊಳಗೆ ಮಾಯವಾಗುತ್ತದೆ. ವಯಸ್ಕರಲ್ಲಿ ಹಾಗಲ್ಲ. ಅನೇಕರಲ್ಲಿ ಇದು 12 ತಿಂಗಳು ದಾಟಿ ದೀರ್ಘಕಾಲೀನವಾಗುತ್ತದೆ. ಒಮ್ಮೆ ಏರುವ, ಮತ್ತೊಮ್ಮೆ ಇಳಿಯುವ ಸಂಖ್ಯೆಯೊಂದಿಗೆ ವರ್ಷಗಟ್ಟಲೆ ಬದುಕುವವರಿದ್ದಾರೆ.

ಮೊದಲು ಜ್ವರದ ಅನುಮಾನ ಕಳೆಯಬೇಕು

ಐಟಿಪಿಯನ್ನು ಖಚಿತವಾಗಿ ತೋರಿಸಿಕೊಡುವ ಒಂದೇ ಒಂದು ಪರೀಕ್ಷೆ ಇಲ್ಲ. ಪ್ಲೇಟ್‌ಲೆಟ್ ಕುಸಿಯುವ ಇತರ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಬಳಿಕವೇ ವೈದ್ಯರು ಈ ನಿರ್ಧಾರಕ್ಕೆ ಬರುತ್ತಾರೆ. ಕರಾವಳಿಯಲ್ಲಿ ಈ ಪಟ್ಟಿ ಉದ್ದವಾಗಿಯೇ ಇದೆ.

ಡೆಂಗ್ಯೂ, ಮಲೇರಿಯಾ, ಇಲಿಜ್ವರ ಈ ಮೂರರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಮಳೆಗಾಲ ಕಳೆದ ಮೇಲೂ ಅನುಮಾನ ತಪ್ಪುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ದೊಡ್ಡ ಪ್ರಮಾಣದ ಹಾವಳಿ ಎಬ್ಬಿಸಿತ್ತು. ಉಣ್ಣಿಗಳಿಂದ ಹರಡುವ, ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚುವ ಈ ಜ್ವರದಲ್ಲಿಯೂ ಪ್ಲೇಟ್‌ಲೆಟ್ ಕುಸಿತ ಮತ್ತು ರಕ್ತಸ್ರಾವ ಸಾಮಾನ್ಯ. ಸೋಂಕಿನಿಂದ ಇಳಿದ ಸಂಖ್ಯೆಗೆ ಐಟಿಪಿ ಎಂದು ತಿಳಿದು ಸ್ಟೀರಾಯ್ಡ್ ಕೊಟ್ಟರೆ ಸೋಂಕಿಗೇ ಬಲ ಬಂದಂತೆ. ಐಟಿಪಿಯನ್ನು ಜ್ವರದ ಶೇಷವೆಂದು ತಳ್ಳಿಹಾಕಿದರೆ ಸಕಾಲದ ಚಿಕಿತ್ಸೆ ತಪ್ಪಿದಂತೆ.

ಯಂತ್ರದ ಎಣಿಕೆಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಸೀಸೆಯಲ್ಲಿ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಕೆಲವರ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸುತ್ತದೆ. ಯಂತ್ರ ಆ ಗುಂಪನ್ನು ಗುರುತಿಸದೆ ಕಡಿಮೆ ಸಂಖ್ಯೆ ತೋರಿಸುತ್ತದೆ. ಆದುದರಿಂದ ಸೂಕ್ಷ್ಮದರ್ಶಕದಡಿ ರಕ್ತಲೇಪನವನ್ನು ಕಣ್ಣಾರೆ ನೋಡುವುದು ಕಡ್ಡಾಯವೆನ್ನಬಹುದಾದಷ್ಟು ಮುಖ್ಯ. ತಾಲೂಕು ಮಟ್ಟದಲ್ಲಿಯೂ ಮಾಡಬಹುದಾದ ಈ ಪರೀಕ್ಷೆ ರಕ್ತದ ಕ್ಯಾನ್ಸರಿನಂಥ ಗಂಭೀರ ಕಾರಣಗಳ ಸುಳಿವನ್ನೂ ಕೊಡುತ್ತದೆ.

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಥೈರಾಯ್ಡ್ ದೋಷ, ಲೂಪಸ್, ಯಕೃತ್ತಿನ ಕಾಯಿಲೆ, ಸೇವಿಸುತ್ತಿರುವ ಬೇರೆ ಔಷಧಿಗಳು ಇವೆಲ್ಲವನ್ನೂ ಪರಿಶೀಲಿಸಬೇಕಾಗುತ್ತದೆ. ನಾಟಿ ಔಷಧಿ, ಕಷಾಯ, ಹೆಸರು ಗೊತ್ತಿಲ್ಲದ ಮಾತ್ರೆ ಏನನ್ನೇ ತೆಗೆದುಕೊಂಡಿದ್ದರೂ ವೈದ್ಯರ ಮುಂದೆ ಮರೆಮಾಚಬಾರದು.

ಸಂಖ್ಯೆ ನೋಡಿ ಗಾಬರಿ ಬೇಡ

ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿಯಿತೆಂದರೆ ಸಾಕು, ಆಸ್ಪತ್ರೆಗೆ ಸೇರಿಸಲು ಓಡುವುದು ಸಾಮಾನ್ಯ. ವಾಸ್ತವದಲ್ಲಿ ಐಟಿಪಿಯ ಚಿಕಿತ್ಸೆ ನಿಂತಿರುವುದು ರಕ್ತಸ್ರಾವದ ಮೇಲೆ. ಸಂಖ್ಯೆಯನ್ನು ಸಾಮಾನ್ಯ ಮಟ್ಟಕ್ಕೆ ತರುವುದು ಚಿಕಿತ್ಸೆಯ ಗುರಿಯಲ್ಲ. ಅಪಾಯಕಾರಿ ರಕ್ತಸ್ರಾವ ಆಗದಂತಹ ಸುರಕ್ಷಿತ ಮಟ್ಟ ಉಳಿಸಿಕೊಂಡರೆ ಸಾಕಾಗುತ್ತದೆ.

ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಹೊಸದಾಗಿ ಕಾಯಿಲೆ ಪತ್ತೆಯಾದ ವಯಸ್ಕರಲ್ಲಿ ಸಂಖ್ಯೆ 30 ಸಾವಿರ ಅಥವಾ ಅದಕ್ಕಿಂತ ಹೆಚ್ಚಿದ್ದು, ರಕ್ತಸ್ರಾವ ಇಲ್ಲದಿದ್ದರೆ ಅಥವಾ ಅಲ್ಪವಾಗಿದ್ದರೆ ಸ್ಟೀರಾಯ್ಡ್‌ಗಿಂತ ನಿಗಾ ವಹಿಸುವುದೇ ಲೇಸು. 30 ಸಾವಿರಕ್ಕಿಂತ ಕೆಳಗಿಳಿದಾಗ ಸ್ಟೀರಾಯ್ಡ್ ಸೂಕ್ತ. ಮಕ್ಕಳಲ್ಲಿ ಚರ್ಮದ ಚುಕ್ಕೆಗಳ ಹೊರತು ಬೇರೆ ರಕ್ತಸ್ರಾವ ಇಲ್ಲದಿದ್ದರೆ ಸಂಖ್ಯೆ ತೀರಾ ಕಡಿಮೆಯಿದ್ದರೂ ಔಷಧಿಯಿಲ್ಲದೆ ಕಾದು ನೋಡಬಹುದು. ವೃದ್ಧರು, ಅಧಿಕ ರಕ್ತದೊತ್ತಡ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಶಸ್ತ್ರಚಿಕಿತ್ಸೆ ಎದುರಿಗಿರುವವರ ವಿಷಯದಲ್ಲಿ ಈ ಗಡಿ ಬದಲಾಗುತ್ತದೆ. ಮರ ಹತ್ತುವ, ಕತ್ತಿ ಹಿಡಿದು ದುಡಿಯುವ ವೃತ್ತಿಯವರಿಗೂ ವೈದ್ಯರು ಬೇರೆಯೇ ಲೆಕ್ಕ ಹಾಕುತ್ತಾರೆ. ಅಡಿಕೆ ಕೊನೆ ಕೊಯ್ಯುವವರು ತಮ್ಮ ಕೆಲಸವೇನೆಂದು ವೈದ್ಯರಿಗೆ ತಿಳಿಸಲೇಬೇಕು.

ಮಿದುಳಿನಲ್ಲಿ ರಕ್ತಸ್ರಾವ ಈ ಕಾಯಿಲೆಯ ಅತ್ಯಂತ ಭೀಕರ ಪರಿಣಾಮ. ವಯಸ್ಕ ರೋಗಿಗಳಲ್ಲಿ ಇದು ಶೇ. 1ರ ಆಸುಪಾಸು, ಮಕ್ಕಳಲ್ಲಿ ಅದಕ್ಕಿಂತಲೂ ಕಡಿಮೆ. ಬಾಯಿಯೊಳಗೆ ರಕ್ತದ ಗುಳ್ಳೆ, ಕಪ್ಪು ಮಲ, ಕೆಂಪು ಮೂತ್ರ, ತೀವ್ರ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು ಕಂಡರೆ ಮರುದಿನಕ್ಕೆ ಕಾಯುವಂತಿಲ್ಲ.

ಹೊರಗಿನಿಂದ ಪ್ಲೇಟ್‌ಲೆಟ್ ಏರಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಏರಿಸಿದ ಪ್ಲೇಟ್‌ಲೆಟ್‌ಗಳನ್ನೂ ಅದೇ ಪ್ರತಿಕಾಯಗಳು ಬೇಗನೆ ನಾಶಮಾಡುತ್ತವೆ. ಆದುದರಿಂದ ಜೀವಕ್ಕೆ ಅಪಾಯ ತರುವ ರಕ್ತಸ್ರಾವ ಇದ್ದಾಗ ಮಾತ್ರ, ಇತರ ಔಷಧಿಗಳ ಜೊತೆಗೆ ಅದನ್ನು ನೀಡಲಾಗುತ್ತದೆ.

ತನ್ನ ಮೇಲೇ ಪ್ರಯೋಗ ಮಾಡಿಕೊಂಡ ವೈದ್ಯ

ಚರ್ಮದ ಮೇಲೆ ನೇರಳೆ ಕಲೆಗಳೇಳುವ ಈ ಕಾಯಿಲೆಯನ್ನು ಜರ್ಮನಿಯ ವೈದ್ಯ ವೆರ್ಲ್‌ಹಾಫ್ 1735ರಲ್ಲಿಯೇ ವರ್ಣಿಸಿದ್ದ. 1916ರಲ್ಲಿ ಪ್ರಾಗ್ ನಗರದ ವೈದ್ಯ ವಿದ್ಯಾರ್ಥಿ ಪಾಲ್ ಕಾಜ್ನೆಲ್ಸನ್‌ನ ಸಲಹೆಯಂತೆ ರೋಗಿಯೊಬ್ಬರ ಗುಲ್ಮವನ್ನು ತೆಗೆದುಹಾಕಿದಾಗ ಪ್ಲೇಟ್‌ಲೆಟ್ ಏರಿತು. ಆದರೆ ಕಾರಣ ತಿಳಿದಿರಲಿಲ್ಲ.

ಆ ಗುಟ್ಟು ಬಯಲಾದುದು 1950ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ತರಬೇತಿಯಲ್ಲಿದ್ದ ವೈದ್ಯ ವಿಲಿಯಂ ಹ್ಯಾರಿಂಗ್ಟನ್ ಐಟಿಪಿ ರೋಗಿಯೊಬ್ಬರ ರಕ್ತವನ್ನು ತನ್ನ ದೇಹಕ್ಕೇ ಏರಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್ ಪಾತಾಳಕ್ಕಿಳಿಯಿತು, ಮೈಮೇಲೆ ಕಲೆಗಳೆದ್ದವು. ಸುಮಾರು ಐದು ದಿನಗಳಲ್ಲಿ ಚೇತರಿಸಿಕೊಂಡ. ರೋಗ ಇರುವುದು ರಕ್ತದಲ್ಲಿರುವ ಯಾವುದೋ ಅಂಶದಲ್ಲಿ ಎಂಬುದು ಅದರಿಂದ ಸಾಬೀತಾಯಿತು. ಆ ಅಂಶವೇ ಪ್ರತಿಕಾಯ. ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡದು. ಆದರೂ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಚಿಕಿತ್ಸೆಗೆ ವೈಜ್ಞಾನಿಕ ಆಧಾರ ಒದಗಿದ್ದು ಅಲ್ಲಿಂದ.

ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಚಿಕಿತ್ಸೆಗೆ ತಂದ ಸಂಶೋಧನೆಗೆ ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದುದೂ ಅದೇ 1950ರಲ್ಲಿ. ಆ ದಶಕದಲ್ಲಿಯೇ ಸ್ಟೀರಾಯ್ಡ್ ಐಟಿಪಿಯ ಮೊದಲ ಮದ್ದಾಯಿತು. ಇಂದಿಗೂ ಅದೇ ಮೊದಲ ಮದ್ದು.

ಯಾವ ಔಷಧಿ, ಯಾವಾಗ?

ಪ್ರೆಡ್ನಿಸೋಲೋನ್ ಮಾತ್ರೆ ಅಥವಾ ನಾಲ್ಕು ದಿನಗಳ ಅಧಿಕ ಪ್ರಮಾಣದ ಡೆಕ್ಸಾಮೆಥಾಸೋನ್‌ನಿಂದ ಚಿಕಿತ್ಸೆ ಆರಂಭವಾಗುತ್ತದೆ. ಎರಡೂ ಅಗ್ಗ, ಎಲ್ಲ ಔಷಧಿ ಅಂಗಡಿಗಳಲ್ಲಿ ಲಭ್ಯ. ಮೂರನೇ ಎರಡರಷ್ಟು ಅಥವಾ ಅದಕ್ಕೂ ಹೆಚ್ಚು ವಯಸ್ಕರಲ್ಲಿ ಸಂಖ್ಯೆ ಏರುತ್ತದೆ. ತೊಡಕಿರುವುದು ಮುಂದಿನ ಹಂತದಲ್ಲಿ. ಪ್ರಮಾಣ ಇಳಿಸುತ್ತ ಬಂದಂತೆ ಹಲವರಲ್ಲಿ ಸಂಖ್ಯೆ ಮತ್ತೆ ಬೀಳುತ್ತದೆ. ಆಗ ಮಾತ್ರೆಯನ್ನೇ ಮುಂದುವರಿಸುವ ಆಸೆ ರೋಗಿಗೂ ಆಗುತ್ತದೆ, ಕೆಲವೊಮ್ಮೆ ವೈದ್ಯರಿಗೂ. ಪ್ರೆಡ್ನಿಸೋಲೋನ್ ಅವಧಿ ಪ್ರಮಾಣ ಇಳಿಸುವ ಕಾಲವೂ ಸೇರಿ 6 ವಾರ ಮೀರದಿರಲಿ ಎಂಬುದು 2019ರ ಮಾರ್ಗಸೂಚಿಯ ಸ್ಪಷ್ಟ ಸಲಹೆ. ಅದರೊಳಗೆ ಫಲ ಸಿಗದಿದ್ದರೆ ಅಥವಾ ನಿಲ್ಲಿಸಲು ಸಾಧ್ಯವಾಗದಿದ್ದರೆ ಬೇರೆ ದಾರಿ ಹುಡುಕಬೇಕು.

ತುರ್ತಾಗಿ ಸಂಖ್ಯೆ ಏರಿಸಬೇಕಾದಾಗ ರಕ್ತನಾಳದ ಮೂಲಕ ಇಮ್ಯುನೋಗ್ಲೋಬ್ಯುಲಿನ್ ನೀಡಲಾಗುತ್ತದೆ. ದಾನಿಗಳ ರಕ್ತದಿಂದ ಸಂಗ್ರಹಿಸಿದ ಈ ಪ್ರತಿಕಾಯಗಳು ಭಕ್ಷಕ ಕೋಶಗಳ ಗಮನವನ್ನು ಬೇರೆಡೆಗೆ ಸೆಳೆಯುತ್ತವೆ. ಸ್ವಿಟ್ಜರ್ಲೆಂಡಿನ ಪಾಲ್ ಇಂಬಾಕ್ ತಂಡ 1981ರಲ್ಲಿ ಮಕ್ಕಳಲ್ಲಿ ಇದರ ಫಲ ಪ್ರಕಟಿಸಿತು. ಒಂದೆರಡು ದಿನಗಳಲ್ಲೇ ಪರಿಣಾಮ ಕಾಣುವುದು ಇದರ ಗುಣ. ಕೆಲವು ವಾರಗಳಷ್ಟೇ ಉಳಿಯುವ ಫಲ ಮತ್ತು ಭಾರೀ ಬೆಲೆ ಇದರ ಮಿತಿ.

ಎರಡನೇ ಹಂತದ ಔಷಧಿಗಳಲ್ಲಿ ರಿಟುಕ್ಸಿಮ್ಯಾಬ್ ಮುಖ್ಯ. ಪ್ರತಿಕಾಯ ತಯಾರಿಸುವ ಕೋಶಗಳ ಮೂಲವಾದ ಬಿ-ಕೋಶಗಳನ್ನು ಇದು ಅಳಿಸುತ್ತದೆ. ರಕ್ತದ ಕ್ಯಾನ್ಸರಿಗೆಂದು ಬಂದ ಈ ಔಷಧಿಯ ಭಾರತೀಯ ರೂಪವನ್ನು ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆ 2007ರಲ್ಲಿ ಮಾರುಕಟ್ಟೆಗೆ ತಂದ ಬಳಿಕ ಬೆಲೆ ತುಸು ಕೈಗೆಟಕುವಂತಾಯಿತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರಂಭದಲ್ಲಿ ಗುಣ ಕಂಡರೂ ಐದು ವರ್ಷಗಳ ಬಳಿಕ ಅದನ್ನು ಉಳಿಸಿಕೊಳ್ಳುವವರು ಕಾಲು ಭಾಗದಷ್ಟು ಮಾತ್ರ.

ಅಜಥಯೋಪ್ರಿನ್ ಮತ್ತು ಮೈಕೋಫೆನೋಲೇಟ್ ನಿಧಾನವಾಗಿ ಕೆಲಸ ಮಾಡುವ ಮಾತ್ರೆಗಳು. ಫಲ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಕುಷ್ಠರೋಗಕ್ಕೆ ಬಳಸುವ ಡಾಪ್ಸೋನ್ ಅಗ್ಗವಾದ ಕಾರಣ ಭಾರತದಲ್ಲಿ ಐಟಿಪಿಗೂ ಬಳಕೆಯಲ್ಲಿದೆ. ಆದರೆ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿಲ್ಲವೆಂದು ಪರೀಕ್ಷಿಸಿಯೇ ಅದನ್ನು ಕೊಡಬೇಕು.

ಎಲ್‌ಟ್ರಾಂಬೊಪಾಗ್ ಮಾತ್ರೆಯ ಹಾದಿ ಬೇರೆ. 2008ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದು ರಕ್ಷಣಾ ಶಕ್ತಿಯನ್ನು ತಗ್ಗಿಸುವುದಿಲ್ಲ, ಮಜ್ಜೆಯಲ್ಲಿ ಪ್ಲೇಟ್‌ಲೆಟ್ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಸೋಂಕಿನ ಭಯವಿರುವವರಿಗೆ ಇದು ಆಯ್ಕೆಯಾಗಬಲ್ಲುದು. ಹಾಲು, ಮೊಸರು, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯೊಂದಿಗೆ ನುಂಗಿದರೆ ಇದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಅವುಗಳಿಗಿಂತ 2 ಗಂಟೆ ಮೊದಲು ಅಥವಾ 4 ಗಂಟೆ ಬಳಿಕ ತೆಗೆದುಕೊಳ್ಳಬೇಕು. ಯಕೃತ್ತಿನ ಪರೀಕ್ಷೆಯೂ ನಿಯತವಾಗಿ ಆಗಬೇಕು.

ಗುಲ್ಮ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಸುಮಾರು ಮೂರನೇ ಎರಡರಷ್ಟು ಮಂದಿಗೆ ದೀರ್ಘಕಾಲದ ಗುಣ ಸಿಗುತ್ತದೆ. ಕಾಯಿಲೆ ತಾನಾಗಿ ಶಮನವಾಗುವ ಸಾಧ್ಯತೆ ಇರುವುದರಿಂದ ಮೊದಲ ವರ್ಷ ಸಾಮಾನ್ಯವಾಗಿ ಕಾಯಲಾಗುತ್ತದೆ. ಗುಲ್ಮವಿಲ್ಲದವರಿಗೆ ಕೆಲವು ಬ್ಯಾಕ್ಟೀರಿಯಾ ಸೋಂಕುಗಳು ಮಾರಕವಾಗಬಲ್ಲವು. ಆದುದರಿಂದ ನ್ಯೂಮೊಕಾಕಸ್, ಮೆನಿಂಗೊಕಾಕಸ್ ಮುಂತಾದ ಲಸಿಕೆಗಳನ್ನು ಕನಿಷ್ಠ ಎರಡು ವಾರ ಮೊದಲೇ ಹಾಕಿಸಿಕೊಳ್ಳಬೇಕು.

ಒಂದೇ ಕುಟುಂಬ, ಬೇರೆ ಬೇರೆ ಸ್ವಭಾವ

ದೇಹ ತನ್ನದೇ ರಕ್ತದ ಮೇಲೆ ತಿರುಗಿಬೀಳುವ ಕಾಯಿಲೆ ಐಟಿಪಿ ಒಂದೇ ಅಲ್ಲ. ಹೆಸರುಗಳು ಹತ್ತಿರವಿದ್ದರೂ ಚಿಕಿತ್ಸೆ ಬೇರೆಯಾದ ಕಾರಣ ಇವುಗಳ ಪರಿಚಯ ಅಗತ್ಯ.

ಹುಟ್ಟಿನಿಂದ ಬರುವ ಹಿಮೋಫಿಲಿಯಾ ಬಹುತೇಕ ಗಂಡುಮಕ್ಕಳ ಕಾಯಿಲೆ. ಆದರೆ ನಡುವಯಸ್ಸು ದಾಟಿದ ಮೇಲೆ ಅಥವಾ ಹೆರಿಗೆಯಾದ ತಿಂಗಳುಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8ರ ವಿರುದ್ಧ ಪ್ರತಿಕಾಯ ಹುಟ್ಟಿ ಬರುವ ಹಿಮೋಫಿಲಿಯಾವೂ ಉಂಟು. 10 ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಬ್ಬರಿಗೆ ಬರುವ ಅಪರೂಪದ ಕಾಯಿಲೆ ಇದು. ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಎಪಿಟಿಟಿ ಪರೀಕ್ಷೆಯ ಸಮಯ ಮಾತ್ರ ಹೆಚ್ಚಿರುತ್ತದೆ. ಚರ್ಮದಡಿ, ಸ್ನಾಯುಗಳೊಳಗೆ ವ್ಯಾಪಕ ರಕ್ತಸ್ರಾವವಾಗುತ್ತದೆ. ಇಲ್ಲಿ ಸ್ಟೀರಾಯ್ಡ್ ಜೊತೆಗೆ ಸೈಕ್ಲೋಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್ ನೀಡಿ ಪ್ರತಿಕಾಯದ ಮೂಲವನ್ನೇ ಅಳಿಸಲು ಯತ್ನಿಸಲಾಗುತ್ತದೆ.

ಟಿಟಿಪಿ ಎಂಬುದು ಐಟಿಪಿಗಿಂತ ಒಂದೇ ಅಕ್ಷರದ ವ್ಯತ್ಯಾಸ, ಆದರೆ ಅಪಾಯದಲ್ಲಿ ಅಜಗಜಾಂತರ. ಪ್ರತಿಕಾಯಗಳಿಂದಾಗಿ ಅಡಾಮ್ಸ್-13 ಎಂಬ ಕಿಣ್ವ ಇಲ್ಲದಾಗಿ ಸಣ್ಣ ರಕ್ತನಾಳಗಳಲ್ಲೆಲ್ಲ ಹೆಪ್ಪು ತುಂಬಿಕೊಳ್ಳುತ್ತದೆ. ಪ್ಲಾಸ್ಮಾ ಬದಲಾವಣೆ ಮಾಡದಿದ್ದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುವುದಿಲ್ಲ. ಮಾಡಿದರೆ ಬಹುಪಾಲು ಮಂದಿ ಬದುಕುತ್ತಾರೆ. ಇದರ ಸೌಲಭ್ಯ ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ. ಪ್ಲೇಟ್‌ಲೆಟ್ ಕುಸಿತ, ರಕ್ತಹೀನತೆ, ಗೊಂದಲದ ಮಾತು ಒಟ್ಟಾಗಿ ಕಂಡು, ರಕ್ತಲೇಪನದಲ್ಲಿ ಚೂರಾದ ಕೆಂಪು ಕಣಗಳು ಕಾಣಿಸಿದರೆ ಅದೇ ಗಳಿಗೆಯಲ್ಲಿ ರೋಗಿಯನ್ನು ಮಂಗಳೂರಿಗೆ ಕಳುಹಿಸಬೇಕು.

ಮೂರನೆಯದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ವಿವರಿಸಿದ ಇದರಲ್ಲಿ ಪ್ರತಿಕಾಯಗಳು ರಕ್ತಸ್ರಾವಕ್ಕೆ ಬದಲಾಗಿ ಹೆಪ್ಪುಗಟ್ಟುವಿಕೆಗೆ ಕಾರಣವಾಗುತ್ತವೆ. ಕಾಲಿನ ನಾಳದಲ್ಲಿ ಹೆಪ್ಪು, ಕಿರಿಯ ವಯಸ್ಸಿನಲ್ಲಿ ಪಾರ್ಶ್ವವಾಯು, ಮರುಕಳಿಸುವ ಗರ್ಭಪಾತ ಇದರ ಮುಖಗಳು. ಆಶ್ಚರ್ಯವೆಂದರೆ ಸ್ವಯಂ ನಿರೋಧಕ ಕಾಯಿಲೆಯಾದರೂ ಇಲ್ಲಿ ರಕ್ಷಣಾ ಶಕ್ತಿ ತಗ್ಗಿಸುವ ಔಷಧಿ ಮೊದಲ ಆಯ್ಕೆಯಲ್ಲ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿಯೇ ಆಧಾರ. ಏಕಕಾಲಕ್ಕೆ ಹಲವು ಅಂಗಗಳಲ್ಲಿ ಹೆಪ್ಪುಗಟ್ಟುವ ಅಪರೂಪದ ಉಗ್ರ ರೂಪದಲ್ಲಿ ಮಾತ್ರ ಹೆಪಾರಿನ್ ಜೊತೆಗೆ ಸ್ಟೀರಾಯ್ಡ್, ಪ್ಲಾಸ್ಮಾ ಬದಲಾವಣೆ ಅಥವಾ ಇಮ್ಯುನೋಗ್ಲೋಬ್ಯುಲಿನ್ ನೀಡಲಾಗುತ್ತದೆ. ವಾರ್ಫರಿನ್ ಸೇವಿಸುವವರು ಬಸಳೆ, ಹರಿವೆ ಬಿಡಬೇಕಾಗಿಲ್ಲ, ಆದರೆ ಒಂದು ವಾರ ಯಥೇಚ್ಛ, ಮರುವಾರ ಏನೂ ಇಲ್ಲ ಎಂಬಂತಾಗಬಾರದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಔಷಧಿಯ ಬಲವನ್ನು ಏರುಪೇರು ಮಾಡುತ್ತದೆ.

ಮದ್ದಿನ ಬೆಲೆ ದೇಹ ತೆರುತ್ತದೆ

ಸ್ಟೀರಾಯ್ಡ್‌ನಿಂದ ಹಸಿವು, ತೂಕ ಹೆಚ್ಚುತ್ತದೆ, ಮುಖ ಊದುತ್ತದೆ, ನಿದ್ದೆ ಕೆಡುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ. ತಿಂಗಳುಗಟ್ಟಲೆ ಮುಂದುವರಿದರೆ ಮೂಳೆ ಟೊಳ್ಳಾಗುವುದು, ಕಣ್ಣಿನ ಪೊರೆ ಬರುವುದು ಉಂಟು. ಇವುಗಳಿಗೆ ಅಂಜಿ ಕೆಲವರು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ಇದು ಇನ್ನೂ ಅಪಾಯಕಾರಿ. ಮೂರ್ನಾಲ್ಕು ವಾರ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕಾಗ ದೇಹದ ಅಡ್ರಿನಲ್ ಗ್ರಂಥಿಗಳು ತಮ್ಮ ಉತ್ಪಾದನೆಯನ್ನು ಕಡಿಮೆ ಮಾಡಿರುತ್ತವೆ. ಹಠಾತ್ತಾಗಿ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪಬಹುದು, ಪ್ಲೇಟ್‌ಲೆಟ್ಟೂ ಮತ್ತೆ ಬೀಳಬಹುದು.

ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಅದೇ ಮಾತ್ರೆ ಕೊಳ್ಳುವುದು ಇದರ ಇನ್ನೊಂದು ತುದಿ. ಮಾತ್ರೆ ನುಂಗಿದಷ್ಟು ದಿನ ಮೈ ಹಗುರ ಎನಿಸುವುದರಿಂದ ಮರುತಪಾಸಣೆ ಅನಗತ್ಯವೆಂದು ತೋರುತ್ತದೆ. ಹಾನಿ ಒಳಗೊಳಗೇ ಬೆಳೆಯುತ್ತಿರುತ್ತದೆ.

ಇದಕ್ಕಿಂತ ದೊಡ್ಡ ಚಿಂತೆ ಸೋಂಕು. ವಿಶ್ವದ ಕ್ಷಯ ಪ್ರಕರಣಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದೆ. ಅನೇಕರ ದೇಹದಲ್ಲಿ ರೋಗಾಣು ಮಲಗಿರುತ್ತದೆ. ರಕ್ಷಣಾ ಶಕ್ತಿ ಇಳಿದಾಗ ಅದು ಏಳಬಹುದು. ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ ಚಿಕಿತ್ಸೆ ಆರಂಭಕ್ಕೆ ಮೊದಲೇ ತಿಳಿಸಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆಯನ್ನು ಕಡೆಗಣಿಸಬಾರದು. ಹೆಪಟೈಟಿಸ್ ಬಿ ವೈರಸ್ ಕೂಡ ಹೀಗೆಯೇ ಮರುಜೀವ ಪಡೆಯುತ್ತದೆ. ರಿಟುಕ್ಸಿಮ್ಯಾಬ್‌ಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಅನಿವಾರ್ಯವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಕಟ್ಟೆಚ್ಚರ ನೀಡಿದೆ.

ತೋಟದ ಕೆಲಸಗಾರರು ಅರಿತಿರಬೇಕಾದ ಇನ್ನೊಂದು ಅಪಾಯ ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳ. ಒದ್ದೆ ಮಣ್ಣಿನಲ್ಲಿರುವ ಇದರ ಮರಿ ಬರಿಗಾಲಿನ ಚರ್ಮ ಕೊರೆದು ಒಳಸೇರುತ್ತದೆ, ದಶಕಗಳ ಕಾಲ ಸದ್ದಿಲ್ಲದೆ ಉಳಿಯಬಲ್ಲುದು. ಸ್ಟೀರಾಯ್ಡ್ ಆರಂಭವಾದ ಮೇಲೆ ಮೈತುಂಬ ಹರಡಿ ಪ್ರಾಣಾಪಾಯ ತರಬಹುದು. ಮಲ ಪರೀಕ್ಷೆ ಮತ್ತು ಐವರ್ಮೆಕ್ಟಿನ್ ಮಾತ್ರೆಯಿಂದ ಇದನ್ನು ತಡೆಯಲು ಸಾಧ್ಯ. ಗದ್ದೆ, ತೋಟಕ್ಕಿಳಿಯುವಾಗ ಬೂಟು ಧರಿಸುವುದು ಈ ಹುಳಕ್ಕೂ ಇಲಿಜ್ವರಕ್ಕೂ ಒಟ್ಟಿಗೇ ತಡೆ.

ಗರ್ಭಿಣಿಯರ ವಿಷಯ

ಗರ್ಭಿಣಿಯರಲ್ಲಿ ಪ್ಲೇಟ್‌ಲೆಟ್ ತುಸು ಇಳಿಯುವುದು ಸಾಮಾನ್ಯ. ಬಹುಪಾಲು ಪ್ರಕರಣಗಳಲ್ಲಿ ಇದು ನಿರುಪದ್ರವಿ, ಹೆರಿಗೆಯ ಬಳಿಕ ಸರಿಹೋಗುತ್ತದೆ. ಐಟಿಪಿ ಇರುವವರೂ ನಿಗಾದಲ್ಲಿದ್ದರೆ ಸುರಕ್ಷಿತವಾಗಿ ತಾಯಿಯಾಗಬಹುದು. ಸ್ಟೀರಾಯ್ಡ್ ಮತ್ತು ಇಮ್ಯುನೋಗ್ಲೋಬ್ಯುಲಿನ್ ಅವರಿಗೆ ಮುಖ್ಯ ಆಯ್ಕೆಗಳು. ಮೈಕೋಫೆನೋಲೇಟ್, ಸೈಕ್ಲೋಫಾಸ್ಫಮೈಡ್ ಭ್ರೂಣಕ್ಕೆ ಹಾನಿಕರ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇರುವವರಿಗೆ ವಾರ್ಫರಿನ್ ಬದಲಿಗೆ ಹೆಪಾರಿನ್ ಚುಚ್ಚುಮದ್ದು ಮತ್ತು ಅಲ್ಪ ಪ್ರಮಾಣದ ಆಸ್ಪಿರಿನ್ ನೀಡಲಾಗುತ್ತದೆ. ಆದುದರಿಂದ ಮಗು ಬೇಕೆಂದು ನಿರ್ಧರಿಸುವ ಮೊದಲೇ ವೈದ್ಯರನ್ನು ಕಾಣುವುದು ಸೂಕ್ತ. ತಾಯಿಯ ಪ್ರತಿಕಾಯ ಮಗುವಿಗೂ ದಾಟಬಹುದಾದ ಕಾರಣ ಹುಟ್ಟಿದ ಮೊದಲ ವಾರ ಶಿಶುವಿನ ಪ್ಲೇಟ್‌ಲೆಟ್ ಪರೀಕ್ಷೆ ಅಗತ್ಯ. ಹೆರಿಗೆಗೆ ರಕ್ತನಿಧಿ ಇರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಬೇಕು.

ಮೂರು ತಾಲೂಕು, ಒಂದು ಮಂಗಳೂರು

ಬಂಟ್ವಾಳ ಮತ್ತು ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆಗಳಿವೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ಮೂಡುಬಿದಿರೆ ಮತ್ತು ಉಜಿರೆಯಲ್ಲಿ ಖಾಸಗಿ ಆಸ್ಪತ್ರೆಗಳೂ ಇವೆ. ಪ್ಲಾಸ್ಮಾ ಬದಲಾವಣೆ, ಪ್ರತಿಕಾಯ ಪರೀಕ್ಷೆಯಂಥ ಉನ್ನತ ಸೌಲಭ್ಯಕ್ಕೆ ಮಾತ್ರ ಮಂಗಳೂರು, ದೇರಳಕಟ್ಟೆ ಅಥವಾ ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೇ ಗತಿ. ಬಂಟ್ವಾಳದವರಿಗೆ ಮಂಗಳೂರು ಸುಮಾರು 25 ಕಿ.ಮೀ., ಬೆಳ್ತಂಗಡಿಯವರಿಗೆ 60 ಕಿ.ಮೀ. ಆಸುಪಾಸು. ಚಾರ್ಮಾಡಿ, ದಿಡುಪೆ ಕಡೆಯವರಿಗೆ ಇನ್ನೂ ದೂರ. 2019ರ ಆಗಸ್ಟ್ ನೆರೆಯಲ್ಲಿ ಆ ಭಾಗದ ಸೇತುವೆ, ರಸ್ತೆಗಳು ಕೊಚ್ಚಿಹೋಗಿ ಹಳ್ಳಿಗಳು ಸಂಪರ್ಕ ಕಡಿದುಕೊಂಡಿದ್ದವು. ನಿತ್ಯ ಸ್ಟೀರಾಯ್ಡ್ ಸೇವಿಸುವವರ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ ಎರಡು ವಾರಗಳ ಮಾತ್ರೆ ಮುಂಗಡವಾಗಿ ಇರಬೇಕೆನ್ನುವುದು ಇದೇ ಕಾರಣಕ್ಕೆ.

ಪ್ರತಿ ಸಲವೂ ಮಂಗಳೂರಿಗೆ ಓಡಬೇಕೆಂದೇನೂ ಇಲ್ಲ. ತಜ್ಞರು ಚಿಕಿತ್ಸೆಯ ಯೋಜನೆಯನ್ನು ಬರೆದುಕೊಟ್ಟರೆ ರಕ್ತಕಣ ಎಣಿಕೆ, ಸಕ್ಕರೆ, ರಕ್ತದೊತ್ತಡ, ಯಕೃತ್ತಿನ ಪರೀಕ್ಷೆಗಳನ್ನು ಊರಿನಲ್ಲಿಯೇ ಮಾಡಿಸಬಹುದು. ಯಾವ ಮಟ್ಟಕ್ಕಿಳಿದರೆ ಬರಬೇಕು, ಯಾವ ವಾರ ಎಷ್ಟು ಮಾತ್ರೆ, ಜ್ವರ ಬಂದರೆ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿಯೇ ಬರೆಸಿಕೊಳ್ಳುವುದು ರೋಗಿಯ ಹಕ್ಕು. ಹಳೆಯ ವರದಿಗಳೆಲ್ಲ ಒಂದೇ ಕಡತದಲ್ಲಿದ್ದರೆ ತುರ್ತು ಸಂದರ್ಭದಲ್ಲಿ ಯಾವ ವೈದ್ಯರಿಗೂ ನೆರವಾದೀತು.

ವೆಚ್ಚದ ವಿಷಯದಲ್ಲಿ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ತುರ್ತು ಸಂದರ್ಭ ಹೊರತುಪಡಿಸಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಯಾವ ಔಷಧಿ ಪಟ್ಟಿಯಲ್ಲಿದೆ, ಯಾವುದು ಇಲ್ಲ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ದಾಖಲಾಗುವ ಮೊದಲೇ ವಿಚಾರಿಸಬೇಕು.

ನೆನಪಿಡಬೇಕಾದ ಅಂಶಗಳು

• ರಕ್ಷಣಾ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರಿಗೆ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಸ್ಟೀರಾಯ್ಡ್ ಜ್ವರದ ತೀವ್ರತೆಯನ್ನು ಮರೆಮಾಚುವುದರಿಂದ ಸಣ್ಣ ಜ್ವರವೂ ಸಣ್ಣದಲ್ಲ.

• ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಬೇಡ. ಪ್ಯಾರಾಸಿಟಮಾಲ್ ಸಾಕು. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಸೊಂಟ, ತೋಳಿನ ಸ್ನಾಯುವಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುವ ಮೊದಲು ಕಾಯಿಲೆಯ ವಿಷಯ ತಿಳಿಸಬೇಕು.

• ಪಪ್ಪಾಯಿ ಎಲೆಯ ರಸದ ಬಗ್ಗೆ ಡೆಂಗ್ಯೂನಲ್ಲಿ ಕೆಲವು ಸಣ್ಣ ಅಧ್ಯಯನಗಳು ನಡೆದಿವೆ. ಐಟಿಪಿಯಲ್ಲಿ ಅದು ಚಿಕಿತ್ಸೆಗೆ ಬದಲಿಯಲ್ಲ.

• ನಿರೋಧಶಕ್ತಿ ಹೆಚ್ಚಿಸುವುದೆಂದು ಮಾರುವ ಕಷಾಯ, ಪುಡಿಗಳು ಈ ರೋಗಿಗಳಿಗೆ ಹೊಂದುವಂಥವಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಇದನ್ನು ಒಪ್ಪಿರಲಿಲ್ಲ. ವೈದ್ಯರಿಗೆ ತಿಳಿಸದೆ ಯಾವುದನ್ನೂ ಸೇವಿಸದಿರುವುದು ಕ್ಷೇಮ.

• ಹಲ್ಲು ಕೀಳಿಸುವ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಮೊದಲು ಇತ್ತೀಚಿನ ಪ್ಲೇಟ್‌ಲೆಟ್ ವರದಿ ತೋರಿಸಬೇಕು. ಸ್ಟೀರಾಯ್ಡ್ ಸೇವಿಸುತ್ತಿದ್ದರೆ ಅದನ್ನೂ ಹೇಳಬೇಕು.

• ಜೀವಂತ ರೋಗಾಣುವಿನ ಲಸಿಕೆಗಳನ್ನು ಈ ಅವಧಿಯಲ್ಲಿ ಹಾಕಿಸಬಾರದು. ಫ್ಲೂ, ನ್ಯೂಮೊಕಾಕಸ್ ಲಸಿಕೆಗಳ ಬಗ್ಗೆ ವೈದ್ಯರ ಸಲಹೆ ಪಡೆಯಬಹುದು.

• ಮಾತ್ರೆಯ ಪ್ರಮಾಣವನ್ನು ಸ್ವತಃ ಏರಿಸುವುದು, ಇಳಿಸುವುದು, ನಿಲ್ಲಿಸುವುದು ಸಲ್ಲದು.

ಐಟಿಪಿ ಇರುವ ಹೆಚ್ಚಿನವರು ಶಾಲೆಗೆ ಹೋಗುತ್ತಾರೆ, ದುಡಿಯುತ್ತಾರೆ, ಮಕ್ಕಳನ್ನು ಹಡೆಯುತ್ತಾರೆ. ವರದಿಯಲ್ಲಿ ಸಂಖ್ಯೆ ಸ್ವಲ್ಪ ಕಡಿಮೆ ಇದ್ದರೂ ಅವರ ದಿನಚರಿ ನಡೆಯುತ್ತದೆ. ಅವರಿಗೆ ಬೇಕಾದುದು ಸ್ಟೀರಾಯ್ಡನ್ನು ಸಕಾಲದಲ್ಲಿ ಆರಂಭಿಸುವ, ಸಕಾಲದಲ್ಲಿ ಇಳಿಸುವ ವೈದ್ಯರು ಮತ್ತು ಹೇಳಿದ ದಿನ ರಕ್ತಪರೀಕ್ಷೆಗೆ ಹೋಗುವ ಶಿಸ್ತು. ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಮಾತ್ರೆ ಇದು. ಹಳೆಯ ಚೀಟಿ ಹಿಡಿದು ಅದನ್ನು ಮತ್ತೆ ಕೊಳ್ಳುವ ಮೊದಲು ಹೊಸ ವರದಿಯೊಂದು ಕೈಯಲ್ಲಿರಲಿ.